ಯುಗ್ಮತಾರೆಗಳ ವಿಕಾಸವೂ ಉಷ್ಣ ಸಾಂದ್ರತಾರೆಗಳ ಉತ್ಪತ್ತಿಯೂ: ಒಂದು ಐತಿಹಾಸಿಕ ವಿವೇಚನೆ

ವಿವಾಹಾನಂತರ ವಧೂವರರಿಗೆ ಅರುಂಧತೀ ದರ್ಶನವನ್ನು ಮಾಡಿಸುವ ಸಂಪ್ರದಾಯವು ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಮೊದಲಾದ ಊರುಗಳಲ್ಲಿಯೂ ಅವುಗಳ ಸುತ್ತಣ ಹಳ್ಳಿಗಳಲ್ಲಿಯೂ ಇಂದಿಗೂ ಉಳಿದು ಬಂದಿದೆ. ಮುಹೂರ್ತವು ಹಗಲಿನಲ್ಲಿದ್ದರೂ ಪುರೋಹಿತರು ಉತ್ತರದ ಆಕಾಶದ ಕಡೆಗೆ ಬೆರಳು ತೋರಿ ವಿಧಿಯನ್ನು ಪೂರೈಸುವುದುಂಟು. ಸಪ್ತರ್ಷಿಮಂಡಲದ ಬಾಲದ ನಡುವಣ ತಾರೆಯು ವಸಿಷ್ಠ. ಅದರ ಮಗ್ಗುಲಲ್ಲಿ ಮಸುಕಾಗಿ ತೋರುವುದು ಅರುಂಧತಿ. ಸೂಕ್ಷ್ಮವಾದ ಈ ತಾರೆಯನ್ನು ಒಮ್ಮೆಗೇ ಗುರುತಿಸುವುದು ಕಷ್ಟವಾದುದರಿಂದ, ಮೊದಲು ಸಮೀಪದ ದೊಡ್ಡ ತಾರೆಯನ್ನು ತೋರಿಸಿ, ದೃಷ್ಟಿಯು ಅಲ್ಲಿ ನೆಲೆಗೊಂಡ ಮೇಲೆ ಚಿಕ್ಕದನ್ನು ತೋರಿಸುವರು. ಶಾಸ್ತ್ರಕಾರರು ಇದನ್ನೇ ಸ್ಥೂಲಾರುಂಧತೀ ನ್ಯಾಯವೆಂದು ಕರೆದಿರುವರು.

ಈ ಆಚಾರವನ್ನು ಮುಂದಿಟ್ಟುಕೊಂಡು, ಒಂದನ್ನೊಂದು ಸುತ್ತುವ ಯುಗ್ಮತಾರೆಗಳ ತತ್ತ್ವವು ಪ್ರಾಚೀನರಿಗೆ ವಿದಿತವಾಗಿತ್ತೆಂದು ಹೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಈ ಹೇಳಿಕೆಗೆ ಆಧಾರವೆಷ್ಟು, ಯುಗ್ಮತಾರೆಗಳ ಜ್ಞಾನವು ಯಾವ ಕ್ರಮದಿಂದ ಬೆಳೆಯಿತು, ಅತ್ಯುಷ್ಣವೂ ಅತಿಸಾಂದ್ರವೂ ಆದ ಕೆಲವು ತಾರೆಗಳು ಯುಗ್ಮಗಳಿಂದಲೇ ಹುಟ್ಟುವುವೆಂಬ ಸಿದ್ಧಾಂತವು ಹೇಗೆ ನೆಲೆಗೊಂಡಿತು, ಅದರಲ್ಲಿ ಕನ್ನಡ ನಾಡಿನ ಪಾಲು ಯಾವುದು, ಎಂಬ ವಿಷಯಗಳು ವಿಚಾರಾರ್ಹವಾಗಿವೆ.

ಮೊದಲು ಈ ಪ್ರಾಂತದ ಜ್ಯೋತಿಷವಿದ್ಯೆಯ ಪ್ರಾಚೀನತೆಯನ್ನು ನೋಡಬೇಕು. ಪಂಪಕವಿಯ ತಮ್ಮನಾದ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಹಾಕಿಸಿದ ೧೦ನೆಯ ಶತಮಾನದ ಶಾಸನವು, ಅವರ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಸುತ್ತದೆ. ಹೆಸರಿಗೆ ಹತ್ತಿದ ‘ಜೋಯಿಸ’ ಎಂಬ ಪದವೇ ಆತನ ವಿದ್ಯೆಯನ್ನು ಸೂಚಿಸುತ್ತದೆ. ಮುಂದೆ ಕ್ರಿ. ಶ. ೧೦೪೯ರಲ್ಲಿ, ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ರಚಿಸಿದನು. ಕನ್ನಡದಲ್ಲಿ ದೊರೆತಿರುವ ಜ್ಯೋತಿಷಗ್ರಂಥಗಳಲ್ಲಿ ಇದು ಮೊದಲನೆಯದು. ಶ್ರೀಧರಾಚಾರ್ಯನು ಬೆಳ್ವೊಲದ ನರಿಗುಂದದವನು. ಈ ಊರು ನವಲಗುಂದದ ನೆರೆಯದು, ೧೯೯೭ರಲ್ಲಿ ಗದಗ ಜಿಲ್ಲೆಯು ಬೇರೆಯಾಗುವ ವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದಿತು. ಹೀಗೆ ಎರೆಮಣ್ಣಿನ ಈ ಬಯಲುನಾಡಿನಲ್ಲಿ ಆಕಾಶವನ್ನು ನೋಡಿ ಕಾಲವನ್ನು ನಿರ್ಣಯಿಸುವ ವಿದ್ಯೆಯು ಸಾವಿರ ವರ್ಷಗಳಿಗೂ ಹಿಂದಿನಿಂದ ಇದ್ದಿತೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆ ವಿದ್ಯೆಯು ನಕ್ಷತ್ರದ ವಿಷಯದಲ್ಲಿ ಕೇಳಿದ ಪ್ರಶ್ನೆ ಯಾವುದೆಂಬುದನ್ನು ಗಮನಿಸಬೇಕು. ಸಿದ್ಧಾಂತಗ್ರಂಥಗಳಲ್ಲಿ ನಕ್ಷತ್ರವೆಂದರೆ ಗ್ರಹಗಳ ಚಲನವನ್ನು ಅಳೆಯಲು ಒದಗುವ ಒಂದು ಸ್ಥಿರ ಗುರುತು. ಅದರ ಧ್ರುವಕವೆಷ್ಟು, ವಿಕ್ಷೇಪವೆಷ್ಟು ಎಂಬಿವೇ ಅಲ್ಲಿಯ ಪ್ರಶ್ನೆಗಳು. ಸೂರ್ಯಸಿದ್ಧಾಂತವು ಮೃಗವ್ಯಾಧನನ್ನು, ಎಂದರೆ ಲುಬ್ಧಕವನ್ನು, ಮಿಥುನದ ೨೦ನೆಯ ಅಂಶದಲ್ಲಿ ದಕ್ಷಿಣಕ್ಕೆ ೪೦ ಅಂಶಗಳ ವಿಕ್ಷೇಪದಲ್ಲಿಟ್ಟು ಮುಂದೆ ಸಾಗುತ್ತದೆ. ಆ ತಾರೆಯು ಯಾವ ದ್ರವ್ಯದಿಂದಾಯಿತು, ಅದಕ್ಕೆ ಹುಟ್ಟು ಸಾವುಗಳುಂಟೇ, ಅದರ ಕಾವೆಷ್ಟು ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಏಳಬೇಕಾದ ಅವಶ್ಯವೂ ಆ ಶಾಸ್ತ್ರಕ್ಕಿರಲಿಲ್ಲ.

ಅರುಂಧತೀ ವಸಿಷ್ಠರ ಮಾತೂ ಹೀಗೆಯೇ. ವರಾಹಮಿಹಿರನ ಬೃಹತ್ಸಂಹಿತೆಯು ಅರುಂಧತಿಯು ವಸಿಷ್ಠನ ಬಳಿಯಲ್ಲಿರುವಳೆಂದು ಹೇಳುತ್ತದೆಯೇ ಹೊರತು, ಅವರಿಬ್ಬರೂ ಪರಸ್ಪರ ಸುತ್ತುವರೆಂದು ಹೇಳುವುದಿಲ್ಲ. ಇವುಗಳ ನಡುವಣ ಅಂತರವು ಒಂದು ಅಂಶದ ಐದನೆಯ ಒಂದು ಪಾಲು. ಸುತ್ತುವುವಾದರೂ ಒಂದು ಸುತ್ತಿಗೆ ಲಕ್ಷಗಟ್ಟಲೆ ವರ್ಷಗಳು ಬೇಕಾಗುವುದರಿಂದ, ಬರಿಗಣ್ಣಿನ ವೀಕ್ಷಕನಿಗೆ ಆ ಚಲನವು ಎಷ್ಟು ತಲೆಮಾರುಗಳಿಗೂ ಗೋಚರಿಸಲಾರದು. ವಸಿಷ್ಠವು ತಾನೇ ಎರಡು ತಾರೆಗಳೆಂಬುದು ೧೬೧೭ರಲ್ಲಿ ಇಟಲಿಯ ಕಾಸ್ಟೆಲ್ಲಿಯ ದೂರದರ್ಶಕಕ್ಕೆ ಕಂಡಿತು. ಅವುಗಳಲ್ಲಿ ಪ್ರಕಾಶವಾದುದು ಮತ್ತೆ ಎರಡು ತಾರೆಗಳೆಂಬುದು, ಬೆಳಕನ್ನು ಬಣ್ಣಗಳಾಗಿ ಒಡೆದು ನೋಡುವ ವರ್ಣಪಟಲದ ಸಹಾಯದಿಂದ, ೧೮೮೯ರಲ್ಲಿ ಅಮೇರಿಕೆಯ ಪಿಕರಿಂಗನಿಗೆ ತಿಳಿಯಿತು. ಅರುಂಧತಿಗೂ ಮಂದವಾದ ಒಂದು ಸಂಗಾತಿಯುಂಟೆಂದು ೨೦೦೯ರಲ್ಲಿ ಗೊತ್ತಾಯಿತು. ಈಗ ಅಲ್ಲಿ ಎಣಿಕೆಗೆ ಬಂದಿರುವುವು ಆರು ತಾರೆಗಳು. ಆದುದರಿಂದ ವಿವಾಹದ ಆಚಾರವು ಸೂಕ್ಷ್ಮದೃಷ್ಟಿಗೆ ಸಾಕ್ಷಿಯೇ ಹೊರತು ಯುಗ್ಮತಾರೆಗಳ ಜ್ಞಾನಕ್ಕೆ ಸಾಕ್ಷಿಯಲ್ಲವೆಂದು ಹೇಳಬೇಕಾಗುವುದು. ಪ್ರಾಚೀನರಿಗೆ ಇಲ್ಲದ ಕೀರ್ತಿಯನ್ನು ಹೊರಿಸಿದರೆ ಅವರಿಗೆ ಸಲ್ಲತಕ್ಕ ಕೀರ್ತಿಯೂ ಸಂದೇಹಕ್ಕೆ ಒಳಗಾಗುತ್ತದೆ.

ಆದರೆ ಅವರು ಕೊಟ್ಟ ನ್ಯಾಯವು ಈ ವಿಷಯಕ್ಕೆ ಸೊಗಸಾಗಿ ಒಪ್ಪುತ್ತದೆ. ಸ್ಥೂಲವಾದುದನ್ನು ಹಿಡಿದು ಸೂಕ್ಷ್ಮವಾದುದನ್ನು ಸೇರುವುದೇ ಉಷ್ಣ ಸಾಂದ್ರತಾರೆಗಳ ಶೋಧದ ಇತಿಹಾಸವಾಗಿದೆ.

ಇದರ ಮೊದಲನೆಯ ನಿದರ್ಶನವು ಲುಬ್ಧಕ. ಮಾಘಮಾಸದ ಸಂಜೆಗಳಲ್ಲಿ ನವಲಗುಂದದ ಹೊಲಗಳ ಮೇಲೆ ದಕ್ಷಿಣದ ಕಡೆಗೆ ಹೊಳೆಯುವ ಈ ತಾರೆಯು ಇರುಳಿನ ಆಕಾಶದ ತಾರೆಗಳಲ್ಲೆಲ್ಲ ಅತಿ ಪ್ರಕಾಶವಾದುದು. ಇದರ ಸ್ಥಾನವು ನೇರವಾಗಿ ಸರಿಯದೆ ಅಲೆಯಂತೆ ತೂಗುತ್ತಿರುವುದನ್ನು ಜರ್ಮನಿಯ ಬೆಸೆಲನು ೧೮೪೪ರಲ್ಲಿ ಪ್ರಕಟಿಸಿ, ಕಾಣದ ಸಂಗಾತಿಯೊಂದು ಅದನ್ನು ಎಳೆಯುತ್ತಿರಬೇಕೆಂದು ಊಹಿಸಿದನು. ೧೮೬೨ರ ಜನವರಿ ೩೧ರಂದು ಅಮೇರಿಕೆಯ ಆಲ್ವನ್ ಗ್ರಹಾಂ ಕ್ಲಾರ್ಕನು ಹೊಸ ದೂರದರ್ಶಕವನ್ನು ಪರೀಕ್ಷಿಸುತ್ತಿರುವಾಗ ಆ ಸಂಗಾತಿಯನ್ನು ಕಣ್ಣಾರೆ ಕಂಡನು. ಎರಡೂ ಸುಮಾರು ೫೦ ವರ್ಷಗಳಿಗೊಮ್ಮೆ ಪರಸ್ಪರ ಸುತ್ತುತ್ತವೆ. ಮಂದವಾದುದರಿಂದ ಆ ಸಂಗಾತಿಯು ತಣ್ಣಗಾದ ಕೆಂಪು ತಾರೆಯಿರಬಹುದೆಂದು ಎಣಿಸಿದ್ದವರಿಗೆ ೧೯೧೫ರಲ್ಲಿ ಆಶ್ಚರ್ಯವು ಕಾದಿತ್ತು. ಅದರ ವರ್ಣಪಟಲವನ್ನು ಪರೀಕ್ಷಿಸಿದ ಆಡಮ್ಸನು ಅದು ಬಿಳಿಯ ಉಷ್ಣತಾರೆಯೆಂದು ತೋರಿಸಿದನು. ಉಷ್ಣವಾಗಿದ್ದೂ ಮಂದವಾಗಿರಬೇಕಾದರೆ ಅದರ ಮೈ ಅತ್ಯಂತ ಚಿಕ್ಕದಾಗಿರಬೇಕು. ಇಂದಿನ ಲೆಕ್ಕದಂತೆ ಅದರ ಕಾವು ಸುಮಾರು ೨೫,೦೦೦ ಕೆಲ್ವಿನ್. ತೂಕವು ಹೆಚ್ಚು ಕಡಿಮೆ ಸೂರ್ಯನಷ್ಟು. ಗಾತ್ರವು ಭೂಮಿಗಿಂತ ತುಸು ಕಿರಿದು. ಇಂಥ ತಾರೆಗಳಿಗೆ ಶ್ವೇತಕುಬ್ಜಗಳೆಂದು ಹೆಸರು.

ಇಷ್ಟು ಸಾಂದ್ರವಾದ ದ್ರವ್ಯವು ತನ್ನ ಭಾರಕ್ಕೆ ತಾನೇ ಕುಸಿಯದೆ ಹೇಗೆ ನಿಲ್ಲುವುದೆಂಬುದನ್ನು ೧೯೨೬ರಲ್ಲಿ ಫೌಲರನು ಇಲೆಕ್ಟ್ರಾನುಗಳ ಒತ್ತಡದಿಂದ ವಿವರಿಸಿದನು. ೧೯೩೦ರಲ್ಲಿ ಇಂಗ್ಲಂಡಿಗೆ ಹೊರಟ ಹಡಗಿನಲ್ಲಿ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರರು ಈ ಗಣಿತವನ್ನು ಮುಂದುವರಿಸಿ, ಶ್ವೇತಕುಬ್ಜದ ತೂಕಕ್ಕೊಂದು ಮೇರೆಯುಂಟೆಂದು ಕಂಡುಕೊಂಡರು. ಅದು ಸೂರ್ಯನ ತೂಕದ ಸುಮಾರು ೧.೪ ಪಟ್ಟು. ೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಒಂಟಿತಾರೆಯ ಜೀವನಕ್ರಮವು ಅದರ ಹುಟ್ಟುತೂಕದಿಂದಲೇ ಬಹುಮಟ್ಟಿಗೆ ನಿರ್ಣಯವಾಗುತ್ತದೆ. ತಾರೆಯ ಗರ್ಭದಲ್ಲಿ ಜಲಜನಕವು ಬೆಸೆದು ಹೀಲಿಯಂ ಆಗುವಾಗ ಶಕ್ತಿಯು ಹೊಮ್ಮುವುದು. ತೂಕವುಳ್ಳ ತಾರೆಯು ತನ್ನ ಇಂಧನವನ್ನು ಬೇಗನೆ ಮುಗಿಸುವುದು. ಹಗುರವಾದುದು ನಿಧಾನವಾಗಿ ವ್ಯಯಿಸುವುದು. ಸೂರ್ಯನಿಗೆ ಇದಕ್ಕೆ ಸುಮಾರು ೧,೦೦೦ ಕೋಟಿ ವರ್ಷಗಳು ಬೇಕು. ಗರ್ಭದ ಜಲಜನಕವು ತೀರಿದ ಮೇಲೆ ಗರ್ಭವು ಕುಗ್ಗಿ ಹೊರಮೈ ಉಬ್ಬಿ ತಾರೆಯು ಕೆಂಪುದೈತ್ಯವಾಗುವುದು. ಕೊನೆಯಲ್ಲಿ ಹೊರಪದರಗಳು ಚದರಿ ಹೋಗಿ ಗರ್ಭವು ಶ್ವೇತಕುಬ್ಜವಾಗಿ ಉಳಿಯುವುದು.

ಈ ನಿಯಮಕ್ಕೆ ವಿರುದ್ಧವಾಗಿ ಕಂಡುದು ಅಲ್ಗೋಲ್ ಎಂಬ ತಾರೆ. ಇದರ ಬೆಳಕು ೨ ದಿನ ೨೧ ತಾಸುಗಳಿಗೆ ಸ್ವಲ್ಪ ಕಡಿಮೆಯಾದ ಅವಧಿಗೊಮ್ಮೆ ಕುಂದುವುದನ್ನು ಇಂಗ್ಲಂಡಿನ ಕಿವುಡ ತರುಣ ಗುಡ್‌ರಿಕನು ೧೭೮೩ರಲ್ಲಿ ಪ್ರಕಟಿಸಿದನು. ಕತ್ತಲೆಯ ಮೈಯೊಂದು ಅಡ್ಡಬರುತ್ತಿರಬಹುದೆಂಬುದು ಅವನ ಒಂದು ಊಹೆ. ೧೮೮೯ರಲ್ಲಿ ಫೋಗೆಲನು ವರ್ಣಪಟಲದಿಂದ ಈ ಊಹೆಯನ್ನು ದೃಢಪಡಿಸಿದನು. ಮುಂದೆ ಎರಡೂ ತಾರೆಗಳ ತೂಕವನ್ನು ಅಳೆದಾಗ ವಿಚಿತ್ರವೊಂದು ಹೊರಬಿದ್ದಿತು. ಸೂರ್ಯನ ಮೂರು ಪಟ್ಟಿಗೂ ಮಿಕ್ಕ ತೂಕದ ತಾರೆಯು ಇನ್ನೂ ಯೌವನದಲ್ಲಿದೆ; ಸೂರ್ಯನಿಗಿಂತ ಹಗುರವಾದ ಅದರ ಸಂಗಾತಿಯು ಆಗಲೇ ಉಬ್ಬಿ ಮುಪ್ಪಿನ ದಾರಿಯನ್ನು ಹಿಡಿದಿದೆ. ಎರಡೂ ಒಟ್ಟಿಗೆ ಹುಟ್ಟಿದವಾದರೆ ಭಾರವಾದುದೇ ಮೊದಲು ಮುಪ್ಪಾಗಬೇಕಷ್ಟೆ.

ಇದಕ್ಕೆ ಪರಿಹಾರವನ್ನು ೧೯೫೫ರಲ್ಲಿ ಕ್ರಾಫರ್ಡನು ಸೂಚಿಸಿದನು. ಈಗ ಹಗುರವಾಗಿರುವ ತಾರೆಯೇ ಹಿಂದೆ ಭಾರವಾಗಿದ್ದಿತು. ಅದು ಮೊದಲು ಉಬ್ಬಿ ತನ್ನ ದ್ರವ್ಯವನ್ನು ಸಂಗಾತಿಗೆ ಸುರಿಯಿತು. ಯುಗ್ಮದ ಪ್ರತಿಯೊಂದು ತಾರೆಯ ಸುತ್ತಲೂ ಅದರ ಗುರುತ್ವಕ್ಕೆ ಅಧೀನವಾದ ಒಂದು ಪ್ರದೇಶವುಂಟು. ಅದಕ್ಕೆ ೧೯ನೆಯ ಶತಮಾನದ ಫ್ರೆಂಚ್ ಗಣಿತಜ್ಞ ರೋಷನ ಹೆಸರಿದೆ. ಹೊಲದ ಬದುವನ್ನು ಮೀರಿದ ಮಳೆನೀರು ಪಕ್ಕದ ಹೊಲಕ್ಕೆ ಹರಿಯುವಂತೆ, ಉಬ್ಬಿದ ತಾರೆಯು ಈ ಎಲ್ಲೆಯನ್ನು ತುಂಬಿದಾಗ ಅದರ ದ್ರವ್ಯವು ಎರಡು ಎಲ್ಲೆಗಳೂ ಕೂಡುವ ಬಿಂದುವಿನ ಮೂಲಕ ಸಂಗಾತಿಯ ಕಡೆಗೆ ಹರಿಯುವುದು. ೧೯೬೭ರಲ್ಲಿ ಜರ್ಮನಿಯ ಕಿಪ್ಪೆನ್‌ಹಾನ್, ವೈಗರ್ಟ್ ಮೊದಲಾದವರು ಗಣಕಯಂತ್ರದಿಂದ ಈ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕಿ, ಹೊದಿಕೆಯನ್ನು ಕಳೆದುಕೊಂಡ ತಾರೆಯ ಹೀಲಿಯಂ ಗರ್ಭವು ಹಗುರವಾದ ಶ್ವೇತಕುಬ್ಜವಾಗಿ ಉಳಿಯಬಹುದೆಂದು ತೋರಿಸಿದರು.

ಇಲ್ಲಿಯ ತರ್ಕವು ಮೀಮಾಂಸಕರ ಅರ್ಥಾಪತ್ತಿಗೆ ಸರಿಯಾಗಿ ಹೊಂದುತ್ತದೆ. ಹಗಲಿನಲ್ಲಿ ಉಣ್ಣದ ದೇವದತ್ತನು ಪುಷ್ಟನಾಗಿದ್ದರೆ ಅವನು ಇರುಳಿನಲ್ಲಿ ಉಣ್ಣುವನೆಂದು ಕಲ್ಪಿಸದೆ ಗತ್ಯಂತರವಿಲ್ಲ. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳು. ಒಂಟಿತಾರೆಯೊಂದು ಸ್ವಾಭಾವಿಕವಾಗಿ ಸವೆದು ಸೂರ್ಯನ ಐದನೆಯ ಒಂದು ಪಾಲಿನಷ್ಟು ತೂಕದ ಶ್ವೇತಕುಬ್ಜವಾಗಬೇಕಾದರೆ ಅಷ್ಟು ಕಾಲವೂ ಸಾಲದು. ಆದರೂ ಅಂಥ ಕುಬ್ಜಗಳು ಆಕಾಶದಲ್ಲಿ ಕಂಡುಬರುತ್ತವೆ. ಆದುದರಿಂದ ಅವುಗಳ ಹೊದಿಕೆಯನ್ನು ಅಕಾಲದಲ್ಲಿ ಯಾವುದೋ ಸಂಗಾತಿಯು ಸೆಳೆದುಕೊಂಡಿರಬೇಕು.

ಶ್ವೇತಕುಬ್ಜಗಳಷ್ಟು ಸಣ್ಣವಲ್ಲದ, ಆದರೆ ಅಷ್ಟೇ ವಿಲಕ್ಷಣವಾದ ಇನ್ನೊಂದು ವರ್ಗವು ೧೯೪೭ರಲ್ಲಿ ಹ್ಯೂಮಸನ್ ಮತ್ತು ಜ್ವಿಕ್ಕಿ ಇವರು ಕಂಡ ಮಂದ ನೀಲತಾರೆಗಳಿಂದ ಬೆಳಕಿಗೆ ಬಂದಿತು. ಇವುಗಳಿಗೆ ಉಷ್ಣ ಉಪಕುಬ್ಜಗಳೆನ್ನುವರು. ಈ ವರ್ಗದ ಸಾಮಾನ್ಯ ತಾರೆಗಳ ಕಾವು ೨೦,೦೦೦ದಿಂದ ೪೦,೦೦೦ ಕೆಲ್ವಿನ್. ತೂಕವು ಸೂರ್ಯನ ಅರ್ಧಕ್ಕಿಂತ ತುಸು ಕಡಿಮೆ. ವ್ಯಾಸವು ಸೂರ್ಯನ ಹತ್ತನೆಯ ಒಂದರಿಂದ ಹತ್ತನೆಯ ಮೂರು ಪಾಲು. ಇವುಗಳ ಗರ್ಭದಲ್ಲಿ ಹೀಲಿಯಂ ಉರಿಯುತ್ತಿದ್ದರೂ ಮೇಲೆ ಜಲಜನಕದ ತೆಳುವಾದ ಪೊರೆಯಷ್ಟೇ ಇದೆ. ಕೆಂಪುದೈತ್ಯದ ದಪ್ಪ ಹೊದಿಕೆಯನ್ನು ಸರಿಯಾಗಿ ಹೀಲಿಯಂ ಹೊತ್ತಿಕೊಳ್ಳುವ ಹೊತ್ತಿಗೇ ಕಳಚಿದವರಾರೆಂಬ ಪ್ರಶ್ನೆಗೆ ಯುಗ್ಮವಿಕಾಸವೇ ಉತ್ತರವಾಗಬಹುದೆಂದು ೧೯೭೬ರಲ್ಲಿ ಮೆಂಗೆಲ್ ಮತ್ತು ಸಂಗಡಿಗರು ಸೂಚಿಸಿದರು. ೨೦೦೧ರಲ್ಲಿ ಮ್ಯಾಕ್ಸ್‌ಟೆಡ್ ಮತ್ತು ಸಂಗಡಿಗರು ತಾವು ಪರೀಕ್ಷಿಸಿದ ಇಂಥ ತಾರೆಗಳ ಮೂರರಲ್ಲಿ ಎರಡು ಪಾಲು ನಿಕಟಯುಗ್ಮಗಳೆಂದು ಕಂಡ ಮೇಲೆ ಸೂಚನೆಯು ಬಲವಾಯಿತು. ೨೦೦೨-೦೩ರಲ್ಲಿ ಹಾನ್, ಪೊಡ್ಸಿಯಾಡ್ಲೋವ್‌ಸ್ಕಿ ಮುಂತಾದವರು ಈ ಉತ್ಪತ್ತಿಯನ್ನು ಮೂರು ಮಾರ್ಗಗಳಾಗಿ ವಿಂಗಡಿಸಿದರು.

ಮೊದಲನೆಯದು ಶಾಂತವಾದ ದಾನ. ದ್ರವ್ಯವು ನಿಧಾನವಾಗಿ ಸಂಗಾತಿಗೆ ಹರಿದು, ದಾನಿಯ ಗರ್ಭವು ಬರಿದಾಗಿ ಉಳಿಯುವುದು. ಇಂಥ ಯುಗ್ಮಗಳ ಸುತ್ತಿಗೆ ನೂರಾರು ದಿನಗಳು, ಕೆಲವಕ್ಕೆ ಸಾವಿರಕ್ಕೂ ಹೆಚ್ಚು ದಿನಗಳು ಹಿಡಿಯುವುವು. ಎರಡನೆಯದು, ೧೯೭೬ರಲ್ಲಿ ಪೋಲೆಂಡಿನ ಪಚಿನ್‌ಸ್ಕಿ ವಿವರಿಸಿದ ಸಮಾನ ಹೊದಿಕೆ. ಹರಿದು ಬರುವ ದ್ರವ್ಯವನ್ನು ಅರಗಿಸಿಕೊಳ್ಳಲು ಸಂಗಾತಿಗೆ ಸಾಧ್ಯವಾಗದಿದ್ದಾಗ ಅದು ಎರಡನ್ನೂ ಒಂದೇ ಹೊದಿಕೆಯಂತೆ ಕವಿಯುವುದು. ಆ ಹೊದಿಕೆಯೊಳಗೆ ಎರಡೂ ತಿಕ್ಕಾಟದಿಂದ ಸುರುಳಿಯಾಗಿ ಹತ್ತಿರ ಬರುವುವು. ಹೀಗೆ ಬಿಡುಗಡೆಯಾದ ಶಕ್ತಿಯು ಹೊದಿಕೆಯನ್ನು ಹೊರಗೆ ಎಸೆಯುವುದು. ಉಳಿಯುವುದು ಕೆಲವು ತಾಸುಗಳಲ್ಲಿ ಅಥವಾ ದಿನಗಳಲ್ಲಿ ಸುತ್ತುವ ನಿಕಟವಾದ ಜೋಡಿ. ಮೂರನೆಯದು ಐಕ್ಯ. ಎರಡು ಹೀಲಿಯಂ ಶ್ವೇತಕುಬ್ಜಗಳು ಕ್ರಮೇಣ ಸಮೀಪಿಸಿ ಕೂಡಿಕೊಂಡು ಒಂದೇ ಉಷ್ಣತಾರೆಯಾಗುವುದು. ಒಂಟಿಯಾಗಿ ಕಾಣುವ ಉಪಕುಬ್ಜಗಳಲ್ಲಿ ಕೆಲವು ಹೀಗೆ ಎರಡರಿಂದ ಒಂದಾದುವೆಂಬುದು ಈ ಸಿದ್ಧಾಂತದ ಅಭಿಪ್ರಾಯ. ಕಳಚಿ ಉಳಿದ ಗರ್ಭವು ಸಾಕಷ್ಟು ತೂಕವುಳ್ಳದ್ದಾದರೆ ಹೀಲಿಯಂ ಹೊತ್ತಿ ಉಪಕುಬ್ಜವಾಗುವುದು. ಇಲ್ಲವಾದರೆ ಹೊತ್ತದೆಯೇ ಹೀಲಿಯಂ ಶ್ವೇತಕುಬ್ಜವಾಗಿ ಆರುತ್ತ ಹೋಗುವುದು. ಉಪಕುಬ್ಜವೂ ಸುಮಾರು ೧೦ ಕೋಟಿ ವರ್ಷ ಉರಿದ ಮೇಲೆ ಶ್ವೇತಕುಬ್ಜವೇ ಆಗುವುದು.

ಇಷ್ಟರ ವರೆಗೆ ಹೇಳಿದುದು ಕಳೆದುಕೊಂಡವನ ಕಥೆ. ಪಡೆದವನ ಕಥೆಯೂ ಉಂಟು. ಒಂದು ತಾರಾಗುಚ್ಛದ ತಾರೆಗಳೆಲ್ಲ ಸಾಮಾನ್ಯವಾಗಿ ಸಮವಯಸ್ಕವಾದವು. ಆದುದರಿಂದ ವಯಸ್ಸಾದ ಗುಚ್ಛದಲ್ಲಿ ಭಾರವಾದ ನೀಲತಾರೆಗಳು ಉಳಿದಿರಬಾರದು. ಆದರೆ ೧೯೫೩ರಲ್ಲಿ ಸ್ಯಾಂಡೇಜನು ಎಂ-೩ ಎಂಬ ಗುಚ್ಛದಲ್ಲಿ ಅಂಥವನ್ನೇ ಕಂಡನು. ಬ್ಲೂ ಸ್ಟ್ರ್ಯಾಗ್ಲರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ‘ಹಿಂದುಳಿದ ನೀಲತಾರೆ’ಗಳು ಸಂಗಾತಿಯ ದ್ರವ್ಯದಿಂದ ಮರಳಿ ಪುಷ್ಟವಾದುವೆಂದು ೧೯೬೪ರಲ್ಲಿ ಮ್ಯಾಕ್‌ಕ್ರೀ ಪ್ರತಿಪಾದಿಸಿದನು. ದೇವದತ್ತನ ದೃಷ್ಟಾಂತವು ಇಲ್ಲಿ ಮತ್ತೂ ಹತ್ತಿರವಾಗುತ್ತದೆ. ಇರುಳೂಟವನ್ನು ಊಹಿಸಿದುದಾಯಿತು, ಬರಿದಾದ ಪಾತ್ರೆಯನ್ನು ಕಾಣುವುದು ಉಳಿದಿತ್ತು. ಎಂದರೆ ನೀಲತಾರೆಯ ಪಕ್ಕದಲ್ಲಿ ಉಷ್ಣವಾದ ಗರ್ಭಶೇಷವು ದೊರೆಯಬೇಕಾಗಿತ್ತು.

ಅದು ಸುಲಭವಾಗಿರಲಿಲ್ಲ. ಕಾಣುವ ಬೆಳಕಿನಲ್ಲಿ ದೊಡ್ಡ ತಾರೆಯ ಪ್ರಭೆಯು ಚಿಕ್ಕದನ್ನು ಮುಚ್ಚಿಬಿಡುವುದು. ಉಷ್ಣತಾರೆಯು ತನ್ನ ಶಕ್ತಿಯ ಬಹುಭಾಗವನ್ನು ನೇರಳಾತೀತ ಕಿರಣಗಳಲ್ಲಿ ಸೂಸುವುದರಿಂದ ಆ ಕಿರಣಗಳಲ್ಲಿ ನೋಡಿದರೆ ಚಿಕ್ಕದು ಎದ್ದು ಕಾಣುವುದು. ಆದರೆ ಭೂಮಿಯ ವಾಯುಮಂಡಲವು ಅವುಗಳನ್ನು ತಡೆಯುವುದರಿಂದ ದೂರದರ್ಶಕವನ್ನು ಆಕಾಶಕ್ಕೇ ಕಳುಹಿಸಬೇಕು. ೨೦೧೪ರಲ್ಲಿ ಹಬಲ್ ದೂರದರ್ಶಕದ ಸಹಾಯದಿಂದ ಎನ್‌ಜಿಸಿ ೧೮೮ ಎಂಬ ಗುಚ್ಛದ ಮೂರು ನೀಲತಾರೆಗಳ ಪಕ್ಕದಲ್ಲಿ ಶ್ವೇತಕುಬ್ಜಗಳು ಕಂಡುಬಂದುವು.

ಇಲ್ಲಿ ಕನ್ನಡ ನಾಡಿನ ಪಾಲು ಪ್ರಾರಂಭವಾಗುತ್ತದೆ. ೧೭೯೨ರ ಮದರಾಸು ವೇಧಶಾಲೆಯಿಂದ ಕೊಡೈಕೆನಾಲಿನ ಮೂಲಕ ಬೆಳೆದು ಬಂದು, ೧೯೭೧ರಲ್ಲಿ ವೇಣು ಬಾಪು ಅವರ ನೇತೃತ್ವದಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಸಿದೆ. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವು ಈ ಸಂಸ್ಥೆಯ ಮುಂದಾಳುತನದಲ್ಲಿ, ದೇಶದ ಇತರ ಸಂಸ್ಥೆಗಳ ಹಾಗೂ ಕೆನಡಾದ ಸಹಕಾರದಿಂದ ಸಿದ್ಧವಾಯಿತು. ಅದರ ಜೋಡಣೆಯು ನಡೆದುದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ. ೧೩೦ರಿಂದ ೧೮೦ ನ್ಯಾನೋಮೀಟರ್ ತರಂಗಗಳ ದೂರನೇರಳಾತೀತ ಬೆಳಕನ್ನು ಗ್ರಹಿಸುವ ಕಣ್ಣು ಇದಕ್ಕುಂಟು.

ಈ ಯಂತ್ರದ ಮೊದಲ ಫಲಗಳಲ್ಲಿ ಒಂದು ಅದೇ ಎನ್‌ಜಿಸಿ ೧೮೮ ಗುಚ್ಛದಿಂದಲೇ ಬಂದಿತು. ಸುಮಾರು ೭೦೦ ಕೋಟಿ ವರ್ಷ ವಯಸ್ಸಿನ ಈ ಗುಚ್ಛದ ಒಂದು ನೀಲತಾರೆಯ ಬೆಳಕನ್ನು ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು ೨೦೧೬ರಲ್ಲಿ ಪರೀಕ್ಷಿಸಿದಾಗ, ಅದು ಒಂದೇ ತಾರೆಯ ಬೆಳಕಲ್ಲವೆಂದು ತಿಳಿಯಿತು. ಒಂದರ ಕಾವು ಸುಮಾರು ೬,೦೦೦ ಕೆಲ್ವಿನ್. ಅದರಲ್ಲಿ ಅಡಗಿದ ಇನ್ನೊಂದರದು ಸುಮಾರು ೧೭,೦೦೦ ಕೆಲ್ವಿನ್. ಎರಡನೆಯದರ ತ್ರಿಜ್ಯವು ಸೂರ್ಯನ ಹತ್ತರಲ್ಲಿ ಆರು ಪಾಲು. ಎಂದರೆ ಅದು ಇನ್ನೂ ಶ್ವೇತಕುಬ್ಜವಾಗಿಲ್ಲ, ಹೊದಿಕೆಯನ್ನು ಕಳೆದುಕೊಂಡು ಆ ದಾರಿಯಲ್ಲಿದೆ.

೨೦೧೯ರಲ್ಲಿ ಅದೇ ಬಳಗದ ಸಿಂಧು ಮೊದಲಾದವರು ಎಂ-೬೭ ಗುಚ್ಛದಲ್ಲಿ ಇನ್ನೂ ನಿರ್ಣಾಯಕವಾದ ನಿದರ್ಶನವನ್ನು ಕಂಡರು. ಪಂಚಾಂಗವನ್ನು ಬಲ್ಲವರಿಗೆ ಈ ಗುಚ್ಛದ ಸ್ಥಾನವು ಅಪರಿಚಿತವಲ್ಲ. ಕರ್ಕಾಟಕ ರಾಶಿಯಲ್ಲಿ ಪುಷ್ಯ ಮತ್ತು ಆಶ್ಲೇಷೆಗಳ ನಡುವೆ ಅದಿದೆ. ಅಲ್ಲಿಯ ಒಂದು ನೀಲತಾರೆಯನ್ನು ೪ ದಿನಗಳಿಗೆ ತುಸು ಮಿಕ್ಕ ಅವಧಿಯಲ್ಲಿ ಸುತ್ತುವ ಸಂಗಾತಿಯ ಕಾವು ೧೩,೦೦೦ ಕೆಲ್ವಿನ್‌ಗೂ ಹೆಚ್ಚು. ತ್ರಿಜ್ಯವು ಸೂರ್ಯನ ನೂರರಲ್ಲಿ ೯ ಪಾಲು. ತೂಕವು ನೂರರಲ್ಲಿ ಸುಮಾರು ೧೮ ಪಾಲು. ಗುಚ್ಛದ ವಯಸ್ಸು ಸುಮಾರು ೪೦೦ ಕೋಟಿ ವರ್ಷ. ಇಷ್ಟರಲ್ಲಿ ಒಂಟಿತಾರೆಯು ಹೀಗಾಗುವುದು ಅಸಾಧ್ಯವೆಂಬುದು ಹಿಂದೆ ಹೇಳಿದ ಅರ್ಥಾಪತ್ತಿಯಿಂದಲೇ ಸ್ಪಷ್ಟ. ಪುಷ್ಟನೂ ಬರಿದಾದ ಪಾತ್ರೆಯೂ ಇಲ್ಲಿ ಒಟ್ಟಿಗೆ ದೊರೆತಂತಾಯಿತು.

ಈ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ತಾರೆಯ ಗತಿಯು ಅದರ ಹುಟ್ಟುತೂಕವೊಂದರಿಂದಲೇ ನಿರ್ಣಯವಾಗುವುದಿಲ್ಲ. ನಿಕಟವಾದ ಸಂಗಾತಿಯಿದ್ದರೆ ಗತಿಯೇ ಬೇರೆಯಾಗುವುದು. ಇದು ವಿಜ್ಞಾನದ ಸಂಗತಿ. ಎರಡನೆಯದು ಇತಿಹಾಸಕ್ಕೆ ಸಂಬಂಧಿಸಿದುದು. ಕನ್ನಡ ನಾಡಿಗೆ ಈ ಜ್ಞಾನದಲ್ಲಿ ಸಲ್ಲುವ ಪಾಲು ಅರುಂಧತಿಯ ಕಥೆಯಲ್ಲಿಲ್ಲ, ಹೊಸಕೋಟೆಯ ಕೆಲಸದಲ್ಲಿದೆ. ಅದಕ್ಕೆ ಪ್ರಮಾಣವೂ ಕಾಲವೂ ಉಂಟು. ಬೆಳ್ವೊಲದ ಹಳೆಯ ಜೋಯಿಸರ ಪಾಲು ಬೇರೊಂದು ಬಗೆಯದು. ಅಣ್ಣಿಗೇರಿ ನವಲಗುಂದಗಳ ಸೀಮೆಯ ದಾನಶಾಸನಗಳಲ್ಲಿ ಶಕವರ್ಷ, ತಿಥಿ, ವಾರಗಳೂ ಸಂಕ್ರಮಣ ಗ್ರಹಣಗಳೂ ಕೆತ್ತಿ ಉಳಿದಿವೆ; ಅವುಗಳ ಹಿಂದೆ ಆ ಜೋಯಿಸರ ಗಣಿತವಿದೆ. ಕರ್ನಾಟಕದ ಶಾಸನಗಳಲ್ಲಿಯ ಇಂಥ ಉಲ್ಲೇಖಗಳನ್ನು ಬಿ. ಎಸ್. ಶೈಲಜಾ ಮೊದಲಾದವರು ಖಗೋಳಗಣಿತದಿಂದ ಪರಿಶೀಲಿಸಿರುವರು. ಅವುಗಳನ್ನು ಊರೂರಿಗೆ ಹುಡುಕಿ ಗಣಿತದೊಡನೆ ತಾಳೆನೋಡುವುದು ಈ ಜಿಲ್ಲೆಯ ವಿದ್ವಾಂಸರ ಕೈಯಲ್ಲಿರುವ ಕೆಲಸ. ಅಲ್ಲಿ ದೊರೆಯುವ ಕೀರ್ತಿಯು ಕಲ್ಪಿತವಾಗಿರದೆ ಕಲ್ಲಿನ ಮೇಲೆಯೇ ಇರುವುದು.